ಅಕ್ಕನ ಕುರ್ಚಿಗೆ ತಲುಪದ ಸದ್ದು

ನಮ್ಮ ಮನೆಯ ಹಾಲ್‌ನಲ್ಲಿ, ಟಿ.ವಿ.ಗೂ ಸೋಫಾಕ್ಕೂ ನಡುವೆ, ನೆಲದ ಮೇಲೆ ಒಂದು ತುಂಡು ನೀಲಿ ಅಂಟುಪಟ್ಟಿ ಇದೆ. ನೆಲ ಒರೆಸಲು ಬರುವ ಮಾವಶಿ ಅದನ್ನು ಉಗುರಿನಿಂದ ಕೆರೆದು ಕೆರೆದು ಸೋತು ಕೈಬಿಟ್ಟಿದ್ದಾರೆ. ಕಿತ್ತು ಹಾಕಿ ಎಂದು ನಾನು ಹೇಳಿಲ್ಲ, ಇರಲಿ ಬಿಡಿ ಎಂದೂ ಹೇಳಿಲ್ಲ. ಬಂದುಹೋಗುವವರು ಅದರ ಮೇಲೆ ಕಾಲಿಟ್ಟು ನಡೆದುಬಿಡುತ್ತಾರೆ. ನನಗೆ ಮಾತ್ರ ಬೆಳಿಗ್ಗೆ ಚಹಾದ ಕಪ್ಪು ಹಿಡಿದು ಅದನ್ನು ನೋಡುತ್ತ ನಿಂತರೆ ಚಾಕಣಕ್ಕೆ ಹೋಗುವ ಕಂಪನಿ ಬಸ್ಸು ತಪ್ಪುತ್ತದೆ. ಇದುವರೆಗೆ ಎಷ್ಟೋ ಸಲ ತಪ್ಪಿದೆ.

ಆ ಪಟ್ಟಿಯ ಕತೆ ಹೇಳಬೇಕಾದರೆ ಸಬ್‌ವೂಫರ್‌ನಿಂದ ಶುರು ಮಾಡಬೇಕು. ಅದೇನೆಂದು ಗೊತ್ತಿಲ್ಲದ ಪುಣ್ಯವಂತರು ನೀವಾಗಿದ್ದರೆ ಕೇಳಿ. ಅದೊಂದು ಕರಿಯ ಪೆಟ್ಟಿಗೆ. ಅದಕ್ಕೆ ಹಾಡಲು ಬರುವುದಿಲ್ಲ, ಮಾತಾಡಲು ಬರುವುದಿಲ್ಲ. ಸಿನಿಮಾದಲ್ಲಿ ಗುಡುಗು, ಡೊಳ್ಳು, ಬಾಂಬು, ಖಳನಾಯಕನ ಬೂಟಿನ ಹೆಜ್ಜೆ, ಇಂಥ ದಪ್ಪ ಸಪ್ಪಳಗಳನ್ನಷ್ಟೇ ಅದು ಹೊರಡಿಸುತ್ತದೆ. ನನ್ನ ಹೆಂಡತಿ ವೀಣಾ ಅದನ್ನು ಹಿಟ್ಟಿನ ಡಬ್ಬಿ ಎನ್ನುತ್ತಾಳೆ. ಒಂದು ಡಬ್ಬಿ ಬಂದಾಗ ಸುಮ್ಮನಿದ್ದಳು. ಎರಡನೆಯದು ಲಿಫ್ಟಿನಿಂದ ಇಳಿದಾಗ ಮಾತ್ರ, ಇದರಲ್ಲಿ ಜೋಳದ ಹಿಟ್ಟು ಹಾಕಲೋ ಗೋಧಿ ಹಿಟ್ಟು ಹಾಕಲೋ ಎಂದು ಕೇಳಿದಳು.

ಎರಡು ಯಾಕೆ ಎಂದು ನೀವೂ ಕೇಳುತ್ತೀರಿ. ದಪ್ಪ ಸಪ್ಪಳಕ್ಕೆ ಒಂದು ಕೆಟ್ಟ ಗುಣವಿದೆ. ಕೋಣೆಯೊಳಗೆ ಅದು ಎಲ್ಲ ಕಡೆ ಸಮನಾಗಿ ಹರಡುವುದಿಲ್ಲ. ಒಂದು ಮೂಲೆಯಲ್ಲಿ ರಾಶಿ ಬೀಳುತ್ತದೆ, ಎರಡು ಹೆಜ್ಜೆ ಆಚೆಗೆ ಹೇಳಹೆಸರಿಲ್ಲದೆ ಮಾಯವಾಗುತ್ತದೆ. ಎರಡು ಪೆಟ್ಟಿಗೆಗಳನ್ನು ಸರಿಯಾದ ಜಾಗದಲ್ಲಿಟ್ಟು, ಒಂದಕ್ಕೊಂದು ಹೊಂದಿಸಿದರೆ ಕೂತವರಿಗೆಲ್ಲ ಸರಿಪಾಲು ಸಿಗುತ್ತದಂತೆ. ಹಾಗೆಂದು ಎಲ್ಲೋ ಓದಿದೆ. 'ಹೊಂದಿಸಿದರೆ' ಎಂಬ ಮಾತನ್ನು ಮಾತ್ರ ಬೇಗ ಬೇಗ ಓದಿ ಮುಂದೆ ಹೋಗಿದ್ದೆ.

ಈ ದಪ್ಪ ಸಪ್ಪಳದ ಹುಚ್ಚು ನನಗೆ ಹುಟ್ಟಿನಿಂದ ಬಂದದ್ದು. ಅಪ್ಪ ವಿಜಯಪುರ ಬಿಟ್ಟು ಮರಾಠಿ ನಾಡಿನ ಪಿಂಪ್ರಿಯ ಕಾರ್ಖಾನೆಗೆ ಸೇರಿದ ಮೇಲೆ ನಾವಿದ್ದದ್ದು ಅಲ್ಲಿನ ಕಾರ್ಮಿಕರ ಕಾಲನಿಯಲ್ಲಿ. ಗೋಡೆಯ ಆಚೆ ತಗಡು ಒತ್ತುವ ಭಾರಿ ಪ್ರೆಸ್ಸು. ಧಡ್, ಧಡ್ ಎಂದು ಅದು ಬಡಿಯುತ್ತಿದ್ದರೆ ಅವ್ವನ ಅಡುಗೆಮನೆಯ ಮಾಡದಲ್ಲಿದ್ದ ಲೋಟಗಳು ತಾವಾಗಿ ಒಂದು ಬೆರಳಷ್ಟು ಮುಂದೆ ಬರುತ್ತಿದ್ದವು. ಕಾಲನಿಯ ಕೂಸುಗಳೆಲ್ಲ ಆ ಬಡಿತಕ್ಕೆ ನಿದ್ದೆ ಹೋಗುತ್ತಿದ್ದವು. ಗುರುವಾರ ಕಾರ್ಖಾನೆಗೆ ರಜೆ. ಪ್ರೆಸ್ಸು ನಿಲ್ಲುತ್ತಿತ್ತು, ಕೂಸುಗಳೆಲ್ಲ ಒಟ್ಟಿಗೆ ರಾಗ ಎಳೆಯುತ್ತಿದ್ದವು.

ನನಗಿಂತ ಬಹಳ ದೊಡ್ಡವಳಾದ ಸುಶೀಲಕ್ಕ ನನಗೆ ಮಗ್ಗಿ ಕಲಿಸಿದ್ದೂ ಆ ಪ್ರೆಸ್ಸಿನ ಲೆಕ್ಕಕ್ಕೇ. ಎರಡೊಂದ್ಲೆ ಎರಡು, ಧಡ್. ಎರಡೆರಡ್ಲೆ ನಾಲ್ಕು, ಧಡ್. ಪೆಟ್ಟು ಬೀಳುವುದರೊಳಗೆ ಉತ್ತರ ಬಾಯಿಂದ ಬೀಳಬೇಕು, ಇಲ್ಲವಾದರೆ ತಲೆಯ ಮೇಲೆ ಅಕ್ಕನ ಪೆಟ್ಟು. ಏಳರ ಮಗ್ಗಿಯಲ್ಲಿ ನನಗೆ ಎರಡೂ ಪೆಟ್ಟುಗಳು ಬಿದ್ದಿವೆ. ಈಗಲೂ ಕಂಪನಿಯಲ್ಲಿ ಏಳೆಂಟ್ಲೆ ಎಷ್ಟು ಎಂದು ಯೋಚಿಸುವಾಗ ನಾನು ತಲೆ ತಗ್ಗಿಸುತ್ತೇನೆ. ಜೊತೆಯವರು ಇದನ್ನು ವಿನಯ ಎಂದುಕೊಂಡಿದ್ದಾರೆ.

ಇರಲಿ, ಪೆಟ್ಟಿಗೆಗೆ ಬರೋಣ. ಸಬ್‌ವೂಫರ್‌ಗೆ ಜಾಗ ಹುಡುಕುವ ಕ್ರಮ ಬಹಳ ಸೊಗಸಾಗಿದೆ. ನೀವು ಕೂರುವ ಸೋಫಾದ ಮೇಲೆ ಅದನ್ನು ಕೂರಿಸಬೇಕು. ಗುಂಯ್ ಎನ್ನುವ ಒಂದು ಸದ್ದು ಹಚ್ಚಬೇಕು. ಆಮೇಲೆ ಮನೆಯ ಯಜಮಾನ ಮಂಡಿಯೂರಿ, ಕಿವಿಯನ್ನು ನೆಲದ ಹತ್ತಿರ ಹಿಡಿದು, ಗೋಡೆಗುಂಟ ಅಂಬೆಗಾಲಿಡುತ್ತ ಹೋಗಬೇಕು. ಎಲ್ಲಿ ಸದ್ದು ಚೆನ್ನಾಗಿ ಕೇಳುತ್ತದೆಯೋ ಅದೇ ಪೆಟ್ಟಿಗೆಯ ಜಾಗ. ಪೆಟ್ಟಿಗೆ ಯಜಮಾನನಂತೆ ಮೇಲೆ ಕೂತಿತ್ತು, ನಾನು ಕೆಳಗಿದ್ದೆ. ಈ ನೋಟ ಸಾಲದೆಂಬಂತೆ ಎದುರು ಬಾಗಿಲಿನ ಜೋಶಿ ಕಾಕು ಹೆಪ್ಪಿಗೆ ಮೊಸರು ಕೇಳಲು ಬಂದರು. ನನ್ನನ್ನು ನೋಡಿ, ಏನು ಕಳೆದುಹೋಯಿತು ಎಂದು ಮರಾಠಿಯಲ್ಲಿ ಕೇಳಿದರು. ನಾನು ಉತ್ತರ ಜೋಡಿಸಿಕೊಳ್ಳುವುದರೊಳಗೆ ಅವರು, ವೀಣಾಳ ಕಿವಿಯ ಬೆಂಡೋಲೆಯೇ ಇರಬೇಕೆಂದು ತಾವೇ ತೀರ್ಮಾನಿಸಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ನನ್ನ ಪಕ್ಕದಲ್ಲಿ ನೆಲಕ್ಕೆ ಇಳಿದೇಬಿಟ್ಟರು. ಇಬ್ಬರೂ ಕೂಡಿ ಅರ್ಧ ಹಾಲ್ ಸುತ್ತಿದೆವು. ಕೊನೆಗೆ ಸೋಫಾದ ಕೆಳಗೆ ಅವರಿಗೆ ಒಂದು ಸೇಫ್ಟಿ ಪಿನ್ನು ಸಿಕ್ಕಿತು. ಇಷ್ಟಾದರೂ ಸಿಕ್ಕಿತಲ್ಲ ಎಂದು ಸಮಾಧಾನ ಹೇಳಿ, ಮೊಸರು ತೆಗೆದುಕೊಂಡು ಹೋದರು.

ಅಂತೂ ಒಂದು ಪೆಟ್ಟಿಗೆ ಟಿ.ವಿ.ಯ ಕೆಳಗೆ, ಇನ್ನೊಂದು ಎದುರು ಗೋಡೆಗೆ, ಸೋಫಾದ ಮಗ್ಗುಲಿಗೆ ಬಂದವು. ಪೆಟ್ಟಿಗೆಯ ಬೆನ್ನಿಗೆ ಒಂದು ಪುಟ್ಟ ಗುಂಡಿ ಇರುತ್ತದೆ. ಎರಡನೆಯದರ ಗುಂಡಿಯನ್ನು ಆಚೆ ಈಚೆ ಸರಿಸಿ, ನಾನು ಯಾವಾಗಲೂ ಕೂರುವ ಸೋಫಾದ ತುದಿಯಲ್ಲಿ ಕೂತು ಕೇಳಿದೆ. ಗುಂಡಿ ಈಚೆಗಿದ್ದಾಗ ಸದ್ದು ಸಪ್ಪೆ. ಆಚೆಗೆ ಸರಿಸಿದರೆ, ಅಬ್ಬಾ, ಹೊಟ್ಟೆಯೊಳಗಿನ ಊಟ ಎದ್ದು ಕೂತಿತು, ಕಿಟಕಿಯ ಗಾಜು ನಡುಗಿತು. ಇನ್ನೇನು ಬೇಕು? ಆಚೆಗೇ ಬಿಟ್ಟೆ. ಚಾಕಣದ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದವನು ನಾನು. ಒಂದು ಬೋಲ್ಟನ್ನು ಕೂಡ ಹತ್ತು ಕಡೆ ಅಳೆಯದೆ ಪಾಸು ಮಾಡುವುದಿಲ್ಲ. ಮನೆಯಲ್ಲಿ ಒಂದೇ ಕಡೆ ಕೂತು ಪಾಸು ಮಾಡಿಬಿಟ್ಟೆ.

ಇನ್ನು ಕುರ್ಚಿಯ ಮಾತು. ನಮ್ಮ ಹಾಲ್‌ನ ನಟ್ಟನಡುವೆ, ಫ್ಯಾನಿನ ಕೆಳಗೆ, ಅಪ್ಪನ ಬೆತ್ತದ ಕುರ್ಚಿ ಇದೆ. ಅಪ್ಪನ ನಂತರ ಅದು ಅಕ್ಕನದಾಯಿತು. ಅಕ್ಕ ಮದುವೆಯಾಗಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾಗಿ, ನಮ್ಮದೇ ಕಟ್ಟಡದ ಮೊದಲ ಮಹಡಿಯಲ್ಲಿ ಇದ್ದಾಳೆ. ಅವಳು ಬಂದರೆ ಕೂರುವುದು ಆ ಕುರ್ಚಿಯಲ್ಲಿ. ಅವಳು ಇಲ್ಲದಿದ್ದಾಗ ಅಲ್ಲಿ ಯಾರೂ ಕೂರುವುದಿಲ್ಲ. ಕೂರಬಾರದು ಎಂದು ಯಾರೂ ಬರೆದು ಹಾಕಿಲ್ಲ. ಆದರೆ ನಮ್ಮಲ್ಲಿ ಹಿರಿಯರ ಕುರ್ಚಿ ಎಂದರೆ ಹಿರಿಯರ ಕುರ್ಚಿ. ಬಂದ ನೆಂಟರು ಅತ್ತ ಸರಿದರೆ ವೀಣಾ ಬಾಯಿ ತುಂಬ ಉಪಚಾರ ಮಾಡುತ್ತ ಅವರನ್ನು ಸೋಫಾಕ್ಕೆ ತಿರುಗಿಸುತ್ತಾಳೆ. ನಾನಂತೂ ಐವತ್ತು ದಾಟಿದರೂ ಅದರ ಮೇಲೆ ಕೂತವನಲ್ಲ. ಬಲ್ಬು ಬದಲಿಸಬೇಕೆಂದರೆ ಅಡುಗೆಮನೆಯ ಸ್ಟೂಲು ತರುತ್ತೇನೆ.

ಅಕ್ಕನಿಗೆ ಕೆಲ ವರ್ಷಗಳಿಂದ ಕಿವಿ ಮಂದ. ತೆಳು ಸದ್ದುಗಳು ಮೊದಲು ಹೋಗುತ್ತವೆ, ದಪ್ಪ ಸದ್ದು ಬಹುಕಾಲ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಹಾಗೆಯೇ ಕುಕ್ಕರಿನ ಸೀಟಿ ಹೋಯಿತು, ಬಾಗಿಲ ಗಂಟೆ ಹೋಯಿತು, ಫೋನಿನಲ್ಲಿ ಮಾತು ಹೋಯಿತು. ಅಕ್ಕ ಜಗ್ಗಲಿಲ್ಲ. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟೆವು. ಅದನ್ನು ಬಂಗಾರದ ಸರದ ಜೊತೆ ಕಪಾಟಿನಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದಾಳೆ. ಅವಳಿಗೆ ಬೇಕಾಗಿದ್ದದ್ದು ಒಂದೇ ಸದ್ದು, ಮೃದಂಗದಂಥ ಪಖವಾಜದ ಎಡಬದಿಯ ಧುಮ್ ಎನ್ನುವ ಪೆಟ್ಟು. ಯಾಕೆಂದರೆ ನಮ್ಮ ಸೊಸೈಟಿಯ ಹೆಂಗಸರ ಭಜನಾ ಮಂಡಳಿಯಲ್ಲಿ ತಾಳ ಹಾಕುವವಳು ಅವಳೇ. ಪ್ರತಿ ಭಾನುವಾರ ಸಂಜೆ ಕೆಳಗಿನ ಸಭಾಂಗಣದಲ್ಲಿ ಭಜನೆ. ಅಲ್ಲಿ ಎಲ್ಲರಿಗೂ ಅವಳು ಸುಶೀಲಾತಾಈ, ಅಂದರೆ ಸುಶೀಲಕ್ಕ. ಹಾಡುವವರು ಎಲ್ಲಿ ಎಳೆದರೂ ಎಲ್ಲಿ ಓಡಿದರೂ ಅವಳ ತಾಳ ಅವರನ್ನು ಹಿಡಿದು ತರುತ್ತಿತ್ತು. ನಾವು ಕೊಡುವ ಮಾನ ಮನೆಯೊಳಗಿನದು. ಮಂಡಳಿಯ ಮಾನವನ್ನು ಅವಳು ತಾನೇ ಸಂಪಾದಿಸಿದ್ದಳು.

ಭಾನುವಾರ ಮಧ್ಯಾಹ್ನ ನಮ್ಮಲ್ಲಿ ಊಟ, ಆಮೇಲೆ ಒಂದು ಸಿನಿಮಾ, ಸಂಜೆ ಮಂಡಳಿ. ಇದು ಅಕ್ಕನ ಕ್ರಮ. ಎರಡನೆಯ ಪೆಟ್ಟಿಗೆ ಬಂದ ಮೇಲಿನ ಮೊದಲ ಭಾನುವಾರ ನಾನು ಉತ್ಸಾಹದಿಂದ ಯುದ್ಧದ ಸಿನಿಮಾ ಹಾಕಿದೆ. ಬಾಂಬು ಬಿದ್ದಲ್ಲೆಲ್ಲ ಕಿಟಕಿ ನಡುಗಿತು, ವೀಣಾ ಕಿವಿ ಮುಚ್ಚಿಕೊಂಡಳು. ಅಕ್ಕ ಮಾತ್ರ ಒಮ್ಮೆ ಕಿಟಕಿಯನ್ನೂ ಒಮ್ಮೆ ಟಿ.ವಿ.ಯನ್ನೂ ನೋಡುತ್ತ ತಣ್ಣಗೆ ಕೂತಿದ್ದಳು. ಹೇಗಿದೆ ಎಂದು ಕೇಳಿದೆ. ಛಲೋ ಅದ ಎಂದಳು. ಇಷ್ಟು ಒದ್ದಾಡಿದ್ದಕ್ಕೆ ಇಷ್ಟೇನಾ ಎಂದು ನನಗೆ ಒಳಗೊಳಗೇ ಮುನಿಸು ಬಂತು.

ಆಮೇಲೆ ಅಕ್ಕ ಸಿನಿಮಾಕ್ಕೆ ಬರುವುದು ಬಿಟ್ಟಳು. ಒಂದು ವಾರ ಮಂಡಿ ನೋವು, ಇನ್ನೊಂದು ವಾರ ಹಪ್ಪಳದ ಕೆಲಸ, ಮತ್ತೊಂದು ವಾರ ಬ್ಯಾಂಕಿನ ಹಳೆಯ ಗೆಳತಿ. ಸದ್ದು ಅವಳಿಗೆ ಹೆಚ್ಚಾಯಿತೇನೋ ಎಂದುಕೊಂಡು ನಾನು ಒಬ್ಬನೇ ಬಾಂಬು ಹಾಕಿಸಿಕೊಳ್ಳುತ್ತ ಕೂತೆ. ಒಂದು ಸಂಜೆ ಚಾಕಣದಿಂದ ಬಂದು ಬೂಟು ಬಿಚ್ಚುತ್ತಿದ್ದೆ. ವೀಣಾ ಒಂದು ಕೆಂಪು ಬಟ್ಟೆಯ ಗಂಟು ತಂದು ನನ್ನ ಮುಂದೆ ಇಟ್ಟಳು. ಒಳಗೆ ಅಕ್ಕನ ತಾಳ.

"ಅಕ್ಕಾರು ಮಧ್ಯಾಹ್ನ ಬಂದು ಕೊಟ್ಟು ಹೋದ್ರರೀ. ಇನ್ನ ಮ್ಯಾಲೆ ನೀನs ಹೋಗವಾ ಅಂದ್ರು."

ಸ್ವಲ್ಪ ಸ್ವಲ್ಪವಾಗಿ ಅವಳಿಂದ ವಿಷಯವೆಲ್ಲ ತಿಳಿಯಿತು. ಅಕ್ಕ ಹಿಂದೊಮ್ಮೆ ಮಂಡಳಿಯಲ್ಲಿ ತಾಳ ತಪ್ಪಿದ್ದಳು. ಯಾರೂ ಏನೂ ಅನ್ನಲಿಲ್ಲ, ಆದರೆ ಅವಳಿಗೆ ತನ್ನ ಮೇಲೆ ಅನುಮಾನ ಹತ್ತಿತು. ನಮ್ಮ ಮನೆಯ ಬಾಂಬಿನ ಸಿನಿಮಾವನ್ನು ಅವಳು ತನ್ನ ಕಿವಿಗೆ ಪರೀಕ್ಷೆ ಎಂದು ಇಟ್ಟುಕೊಂಡಳು, ಅದರಲ್ಲಿ ನಪಾಸಾದಳು. ಅವಳು ಅಂದದ್ದನ್ನು ವೀಣಾ ಹಾಗೆಯೇ ಹೇಳಿದಳು:

"ತಮ್ಮನ ಎರಡೂ ಡಬ್ಬಿ ಬಡಕೊಂತಾವ, ಕಿಟಕಿ ನಡುಗೋದು ಕಣ್ಣಿಗೆ ಕಾಣಸ್ತದ, ಕಿವಿಗೆ ಏನೂ ಇಲ್ಲ. ಇದs ಕೇಳಸವಲ್ದು ಅಂದ್ರ ಪಖವಾಜ ಎಲ್ಲಿಂದ ಕೇಳಸ್ತದ? ಅಷ್ಟು ಮಂದಿ ಹಾಡೋದನ್ನ ನಾ ಯಾಕ ಕೆಡಸ್ಲಿ."

ಹೋದದ್ದು ಹೋಗಲಿ ಎಂದು ಉಳಿದ ಆ ಒಂದು ಸದ್ದನ್ನು ನೆಚ್ಚಿಕೊಂಡಿದ್ದವಳು. ಅದೂ ಹೋಯಿತೆಂದು ಯಾರಿಗೂ ಹೇಳದೆ, ನಮ್ಮೆದುರು ಛಲೋ ಅದ ಎಂದು ಕೂತು ಎದ್ದು ಹೋಗಿದ್ದಳು. ಆ ರಾತ್ರಿ ಎರಡೂ ಪೆಟ್ಟಿಗೆಗಳನ್ನು ನೋಡಿದರೆ ಸಿಟ್ಟು ಬರುತ್ತಿತ್ತು. ಅಕ್ಕನ ಕಿವಿ ಕೆಟ್ಟಿದೆ ಎಂದು ಸಾರಲೆಂದೇ ನಾನು ಇವನ್ನು ಹೊತ್ತು ತಂದೆನೇನೋ ಅನ್ನಿಸಿತು. ಯಾರಿಗಾದರೂ ಕೊಟ್ಟುಬಿಡಬೇಕು ಎಂದು ಗಟ್ಟಿಮಾಡಿದೆ.

ಐದನೇ ಮಹಡಿಯ ಮಂಜುನಾಥನ ನೆನಪಾಯಿತು. ಮೈಸೂರು ಕಡೆಯ ಹುಡುಗ, ಹಿಂಜವಡಿಯಲ್ಲಿ ಐ.ಟಿ. ಕೆಲಸ. ಹುಡುಗ ಎಂದೆ, ಅವನಿಗೂ ತಲೆ ನಡುವೆ ಕೂದಲು ತೆಳ್ಳಗಾಗಿದೆ. ಲಿಫ್ಟಿನಲ್ಲಿ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದಾಗ ಹಿಡಿದು ಪರಿಚಯ ಮಾಡಿಕೊಂಡಿದ್ದೆ. ಅವನಿಗೂ ಈ ಸದ್ದಿನ ಹುಚ್ಚು, ಅಳೆಯುವ ಮೈಕು ಕೂಡ ಇಟ್ಟುಕೊಂಡಿದ್ದಾನೆ. ಅವನ ಮೃದುವಾದ ಮಾತು ಕೇಳಿದರೆ ವೀಣಾ, ಈ ಹುಡುಗ ಯಾವಾಗಲೂ ಆಗಷ್ಟೇ ಜ್ವರದಿಂದ ಎದ್ದವರ ಹಾಗೆ ಮಾತಾಡುತ್ತಾನೆ ಎನ್ನುತ್ತಿದ್ದಳು. ಪೆಟ್ಟಿಗೆ ಬೇಕಾದರೆ ಒಯ್ಯಿ ಎಂದೆ. ಒಮ್ಮೆ ಕೇಳಿ ನೋಡ್ತೀನಿ ಸಾರ್ ಎಂದು ಶನಿವಾರ ಬಂದ.

ಬಂದವನೇ ನೆಟ್ಟಗೆ ಹೋಗಿ ಬೆತ್ತದ ಕುರ್ಚಿಯಲ್ಲಿ ಕೂತುಬಿಟ್ಟ. ಚಹಾ ತರುತ್ತಿದ್ದ ವೀಣಾ ಬಾಗಿಲಲ್ಲೇ ನಿಂತಳು. ಏಳು ಎನ್ನುವ ಹಾಗಿಲ್ಲ, ಬಂದ ಅತಿಥಿ. ಸುಮ್ಮನಿರಲಿಕ್ಕೂ ಆಗುತ್ತಿಲ್ಲ. ಬೇಗ ಕೇಳಿಸಿ ಬೇಗ ಎಬ್ಬಿಸೋಣ ಎಂದು ನಾನು ಗಡಿಬಿಡಿಯಿಂದ ಆ ಯುದ್ಧದ ಸಿನಿಮಾವನ್ನೇ ಹಚ್ಚಿದೆ. ಬಾಂಬು ಬಿತ್ತು. ನನ್ನ ಸೋಫಾ ನಡುಗಿತು. ಮಂಜುನಾಥ ಕೈಯಲ್ಲಿ ಬಿಸ್ಕತ್ತು ಹಿಡಿದು ಕಾಯುತ್ತಲೇ ಇದ್ದ. ಮತ್ತೊಂದು ಬಿತ್ತು. ಅವನು ನನ್ನ ಕಡೆ ತಿರುಗಿ, ಸಬ್‌ವೂಫರ್ ಆನ್ ಮಾಡಿದ್ದೀರಾ ಎಂದು ಕೇಳಿದ. ಇಷ್ಟು ಬಡಿಯುತ್ತಿದೆಯಲ್ಲಪ್ಪ ಎಂದೆ.

"ನಂಗೇನೂ ಕೇಳ್ತಿಲ್ಲ ಸಾರ್."

ನಾನು ಸೋಫಾದಿಂದ ಹೇಗೆ ಎದ್ದೆನೋ ತಿಳಿಯದು. ಅವನನ್ನು ತೋಳು ಹಿಡಿದು ಎಬ್ಬಿಸಿ, ಅಪ್ಪನ ಕುರ್ಚಿಯಲ್ಲಿ ನಾನೇ ಕೂತೆ. ಬಾಂಬು ಬೀಳುತ್ತಿತ್ತು, ಹೊಗೆ ಏಳುತ್ತಿತ್ತು, ಕಿಟಕಿ ನಡುಗುತ್ತಿತ್ತು. ನನಗೆ ಕೇಳಿಸಿದ್ದು ಯಾರೋ ಹಪ್ಪಳ ಮುರಿದಂಥ ಸಣ್ಣ ಸದ್ದು. ವೀಣಾಳನ್ನೂ ಕರೆದು ಕೂರಿಸಿದೆ. ಅವಳು ಅಂಚಿಗೆ ಅರ್ಧ ಕೂತು, ಕೇಳಿ, ಎರಡೂ ಕೈ ಕೆನ್ನೆಗೆ ಇಟ್ಟುಕೊಂಡಳು. ಅಕ್ಕನ ಕಿವಿಗೆ ಏನೂ ಆಗಿರಲಿಲ್ಲ. ಆ ಜಾಗದಲ್ಲಿ ಸದ್ದೇ ಇರಲಿಲ್ಲ. ಅಲ್ಲಿ ಒಬ್ಬರಾದರೂ ಒಮ್ಮೆ ಕೂತಿದ್ದರೆ ಎಂದೋ ಗೊತ್ತಾಗುತ್ತಿತ್ತು. ಹಿರಿಯರ ಕುರ್ಚಿಗೆ ನಾವು ಕೊಟ್ಟ ಮರ್ಯಾದೆ ಹಿರಿಯಳನ್ನೇ ಕೆಡವಿತ್ತು. ಅದಿರಲಿ, ಆ ಹೊತ್ತಿಗೆ ನನಗೆ ಕುಣಿಯಬೇಕು ಅನ್ನಿಸುವಷ್ಟು ಖುಷಿಯಾಗಿತ್ತು.

ಮಂಜುನಾಥ ಬಗ್ಗಿ ಪೆಟ್ಟಿಗೆಯ ಬೆನ್ನು ನೋಡಿದ. ನಾನು ಆಚೆಗೆ ಸರಿಸಿದ್ದ ಗುಂಡಿಯೇ ಕಾರಣವಂತೆ. ಒಂದು ಪೆಟ್ಟಿಗೆ ಗಾಳಿಯನ್ನು ಮುಂದಕ್ಕೆ ನೂಕಿದಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು. ಗೋಡೆಯ ಹತ್ತಿರ ಕೂತವರಿಗೆ ಭಾರಿ ಸದ್ದು, ಎರಡಕ್ಕೂ ಸಮದೂರದಲ್ಲಿ ನಟ್ಟನಡುವೆ ಕೂತವರಿಗೆ ಎರಡೂ ಸೇರಿ ಸೊನ್ನೆ. ಅವನು ಮೇಲೆ ಹೋಗಿ ಮೈಕು, ಲ್ಯಾಪ್‌ಟಾಪು, ನೀಲಿ ಅಂಟುಪಟ್ಟಿ ತಂದ. ಕುರ್ಚಿ ಅಲುಗಬಾರದೆಂದು ಅದರ ಕಾಲಿನ ಗುರುತಿಗೆ ಪಟ್ಟಿ ಹಚ್ಚಿದ. ಕೂತವರ ಕಿವಿಯ ಎತ್ತರಕ್ಕೆ ಮೈಕು ನಿಲ್ಲಿಸಿ, ಊಂ ಎಂದು ಏರುತ್ತ ಹೋಗುವ ಸದ್ದನ್ನು ಮತ್ತೆ ಮತ್ತೆ ಹಚ್ಚಿದ. ಅಡುಗೆಮನೆಯ ತಟ್ಟೆಗಳು ಒಂದು ಕಡೆ ಝಿಲ್ಲೆಂದವು, ದೇವರ ಗಂಟೆ ಇನ್ನೊಂದು ಕಡೆ ಉಲಿಯಿತು. ಕುರ್ಚಿ, ಸೋಫಾದ ಆ ತುದಿ, ಈ ತುದಿ, ಎಲ್ಲ ಕಡೆ ಅಳೆದು ಗುಂಡಿ ಈಚೆಗೆ ಸರಿಸಿ, ಒಂದರ ದನಿ ಇಳಿಸಿ, ಇನ್ನೊಂದನ್ನು ಗೇಣುದ್ದ ಸರಿಸಿ, ಕತ್ತಲಾಗುವ ಹೊತ್ತಿಗೆ ಮುಗಿಸಿದ. ನಿಮ್ಮ ಜಾಗದಲ್ಲಿ ಮೊದಲಿನ ಹಾಗೆ ಗುದ್ದು ಇರಲ್ಲ ಸಾರ್ ಎಂದು ಸಂಕೋಚದಿಂದ ಹೇಳಿದ. ನನ್ನ ಜಾಗ ಹಾಳಾಗಿ ಹೋಗಲಿ ಎಂದೆ.

ಇನ್ನು ಅಕ್ಕನಿಗೆ ಹೇಳಬೇಕಿತ್ತು. ಅದೇ ಸಂಜೆ ಕೆಳಗೆ ಇಳಿದು ಹೋಗಿ ಎಲ್ಲ ವಿವರಿಸಿದೆ. ಮಂಜುನಾಥನಿಗೂ ಕೇಳಲಿಲ್ಲ, ನನಗೂ ಕೇಳಲಿಲ್ಲ ಎಂದೆ. ಅಕ್ಕ ಬಟಾಣಿ ಸುಲಿಯುತ್ತ ಕೇಳಿಸಿಕೊಂಡಳು. ಆ ಹುಡುಗ ಸಂಭಾವಿತ, ನಿನ್ನ ಮಾತಿಗೆ ಹೂಂ ಅಂದಿರುತ್ತಾನೆ ಎಂದಳು. ತಮ್ಮ ಸಮಾಧಾನ ಹೇಳಲು ಬಂದಿದ್ದಾನೆ ಎಂದು ಅವಳ ಲೆಕ್ಕ. ಗುಂಡಿ, ಗಾಳಿ, ಸೊನ್ನೆ ಎಂದು ನಾನು ಹೇಳಿದಷ್ಟೂ ಅವಳ ಮುಖದಲ್ಲಿ ನನ್ನ ಬಗ್ಗೆಯೇ ಕನಿಕರ ಹೆಚ್ಚಿತು. ಕೊನೆಗೆ ವೀಣಾ ಉಪಾಯ ಮಾಡಿದಳು. ಭಾನುವಾರ ಬೆಳಿಗ್ಗೆ, ಬದನೆಕಾಯಿ ಎಣಗಾಯಿ ಮಾಡಿದೀನಿ, ಖಾರ ಹೆಚ್ಚಾಗಿದೆಯೋ ಏನೋ, ಬಂದು ರುಚಿ ನೋಡಬೇಕು ಎಂದು ಹೇಳಿ ಕಳಿಸಿದಳು. ತನ್ನ ಕಿವಿಯ ಮೇಲೆ ನಂಬಿಕೆ ಹೋಗಿದ್ದರೂ ಅಕ್ಕನಿಗೆ ನಾಲಗೆಯ ಮೇಲೆ ಇತ್ತು. ಬಂದಳು.

ಊಟವಾಯಿತು. ಎಣಗಾಯಿಗೆ ಉಪ್ಪು ಕಡಿಮೆ ಎಂಬ ತೀರ್ಪೂ ಬಂತು. ಅಕ್ಕ ಎದ್ದು ಹೋಗುವುದರೊಳಗೆ ನಾನು ಒಂದು ಹಳೆಯ ಸಿನಿಮಾ ಹಚ್ಚಿದೆ. ಅದರಲ್ಲಿ ಡೊಳ್ಳು ಬಾರಿಸುವ ಕುಣಿತ ಒಂದಿದೆ. ಅಕ್ಕ ನನ್ನ ಮನಸ್ಸು ಮುರಿಯಬಾರದೆಂದು ಕುರ್ಚಿಯಲ್ಲಿ ಕೂತಳು. ಊಟಕ್ಕೆ ಕರೆದಿದ್ದ ಮಂಜುನಾಥ ಸೋಫಾದಲ್ಲಿದ್ದ. ವೀಣಾ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಿಗೆ ಒರಗಿದಳು. ಡೊಳ್ಳು ಶುರುವಾಯಿತು. ಅಕ್ಕ ಮೊದಲು ಕಿಟಕಿಯ ಕಡೆ ನೋಡಿದಳು. ಈಗ ಕಿಟಕಿ ನಡುಗುತ್ತಿರಲಿಲ್ಲ. ನನ್ನ ಜಾಗದಲ್ಲಿ ಸದ್ದು ಸಪ್ಪೆಯಾಗಿಯೇ ಇತ್ತು. ಕೆಟ್ಟೆವಲ್ಲ ಎಂದುಕೊಂಡೆ.

ಅಕ್ಕ ಕಿಟಕಿಯಿಂದ ಮುಖ ತಿರುಗಿಸಿದಳು. ಕಣ್ಣು ಮುಚ್ಚಿದಳು. ಕುರ್ಚಿಯ ತೋಳಿನ ಮೇಲಿದ್ದ ಅವಳ ಬೆರಳು ಒಮ್ಮೆ ಎದ್ದು ಬಿತ್ತು. ಮತ್ತೆ ಬಿತ್ತು. ಮೂರನೆಯ ಸಲ ಅದು ಡೊಳ್ಳಿನ ಪೆಟ್ಟಿನ ಮೇಲೇ ಬಿತ್ತು. ಆಮೇಲೆ ತಪ್ಪಲಿಲ್ಲ.

"ತಮ್ಮಾ, ಸಪ್ಪಳ ಸಣ್ಣ ಮಾಡೋ. ಕೆಳಗ ಮಂದಿ ಮಲಗಿರ್ತಾರ."

ಸಣ್ಣ ಮಾಡು ಎಂಬ ಮಾತನ್ನು ಅಕ್ಕನ ಬಾಯಿಂದ ಕೇಳಿ ವರ್ಷಗಳಾಗಿದ್ದವು. ಇಳಿಸಿದೆ. ಇನ್ನೂ ಎಂದಳು. ಇನ್ನೂ ಇಳಿಸಿದೆ. ನನಗೆ ಡೊಳ್ಳು ಇದೆಯೋ ಇಲ್ಲವೋ ಎಂಬಷ್ಟಾಯಿತು. ಅಕ್ಕನ ಬೆರಳು ಬೀಳುತ್ತಲೇ ಇತ್ತು. ಅಕ್ಕ ಅಳುವ ಪೈಕಿಯಲ್ಲ. ಕಣ್ಣು ತುಂಬಿ ಬಂದದ್ದು ನನಗೆ. ಮಂಜುನಾಥ ಬಹಳ ಹೊತ್ತು ತನ್ನ ಕನ್ನಡಕ ಒರೆಸಿದ.

ಕುಣಿತ ಮುಗಿಯಿತು, ಕತೆ ಮುಂದುವರಿಯಿತು. ಅಕ್ಕ ಗಡಿಯಾರ ನೋಡಿ ಥಟ್ಟನೆ ಎದ್ದುನಿಂತಳು. ನನಗೆ ಗಾಬರಿಯಾಯಿತು. ಯಾಕಕ್ಕಾ, ಮತ್ತ ಕೇಳಸವಲ್ದೇನು ಎಂದೆ.

"ಕೇಳಸ್ತದೋ, ಎಲ್ಲಾ ಕೇಳಸ್ತದ. ಮಂಡಳಿಗೆ ಹೊತ್ತಾತು. ವೀಣಾ, ನನ್ನ ತಾಳ ಕೊಡವಾ."

ವೀಣಾ ಒಳಗೆ ಓಡಿದಳು. ಸಿನಿಮಾ ಇನ್ನೂ ಅರ್ಧ ಉಳಿದಿತ್ತು. ಅಕ್ಕ ಅದರ ಕಡೆ ತಿರುಗಿಯೂ ನೋಡದೆ ಚಪ್ಪಲಿ ಮೆಟ್ಟಿದಳು.